ಮೊದಲು ಅವರ ಠಸ್ಸೆ ಬೀಳಲಿ

"ಬೀರು ಕಡೆ ನಿಲ್ಲಬೇಡಿ. ಕಿಟಕಿ ಕಡೆ ನಿಲ್ಲಿ."

ಹೊರದೇಶದ ಪದವಿಗಳಿಗೆ ಮಾನ್ಯತೆ ಕೊಡುವ ಕಚೇರಿಯ ಎದುರಿಗೊಂದು ಜೆರಾಕ್ಸ್ ಅಂಗಡಿಯಿತ್ತು. ಅಲ್ಲಿ ಪ್ರತಿಗಳ ಜೊತೆಗೆ ಈ ಬುದ್ಧಿಮಾತು ಪುಕ್ಕಟೆಯಾಗಿ ಸಿಗುತ್ತಿತ್ತು. ಹೇಳುತ್ತಿದ್ದವಳು ಅಂಗಡಿಯ ಸೊಸೆ. ರಸ್ತೆಯವರೆಲ್ಲ ಅವಳನ್ನು ಕಿಟಕಿ ಅಕ್ಕ ಎಂದೇ ಕರೆಯುತ್ತಿದ್ದರು.

ಕಚೇರಿಯ ಮೂರನೇ ಕೌಂಟರಿನಲ್ಲಿ ಕೂರುವ ಅಧಿಕಾರಿಯ ಎಡಕ್ಕೆ ಕಿಟಕಿ, ಬಲಕ್ಕೆ ಕಬ್ಬಿಣದ ಬೀರು. ಕಿಟಕಿ ಪಕ್ಕ ನಿಂತು ಮಾತಾಡಿದವರ ಅರ್ಜಿ ಸಲೀಸಾಗಿ ಒಳಗೆ ಹೋಗುತ್ತಿತ್ತು. ಬೀರು ಪಕ್ಕ ನಿಂತವರಿಗೆ "ಸರಿಯಾಗಿ ಹೇಳೋಕೆ ಬರಲ್ವೇನ್ರೀ? ಇನ್ನೊಂದು ಅನುಬಂಧ ತನ್ನಿ, ಹೋಗಿ" ಎಂಬ ಉತ್ತರ. ಯಾವ ಪ್ರಶ್ನೆಗೂ ಇನ್ನೊಂದು ಅನುಬಂಧ ಕೇಳುವುದರಿಂದ ಅವರಿಗೆ ಅನುಬಂಧ ಸಾಹೇಬರು ಎಂದು ಹೆಸರು ಬಿದ್ದಿತ್ತು. ಒಳಗೆ ಹೋದದ್ದನ್ನು ಜನ ಅದೃಷ್ಟವೆಂದರು, ವಾಪಸ್ಸು ಬಂದದ್ದನ್ನು ಹಣೆಬರಹವೆಂದರು. ಕಿಟಕಿ ಅಕ್ಕ ಮಾತ್ರ ಅವರನ್ನು ಕಂಡ ಮೊದಲನೆಯ ದಿನವೇ ಕಾರಣ ಹಿಡಿದಿದ್ದಳು. ಸಾಹೇಬರಿಗೆ ಬಲಗಿವಿ ಕೇಳಿಸುವುದಿಲ್ಲ.

ಅದನ್ನು ಹಿಡಿಯುವುದೇ ಅವಳು ಕಲಿತ ವಿದ್ಯೆ. ಕಿವಿ ಪರೀಕ್ಷೆ ಮಾಡುವುದು, ಕೇಳಿಸದ ಮಕ್ಕಳಿಗೆ ಮಾತು ಕಲಿಸುವುದು, ಇದನ್ನು ಅವಳು ನಾಲ್ಕು ವರ್ಷ ಓದಿ ತರಗತಿಗೇ ಎರಡನೆಯವಳಾಗಿ ಪಾಸಾಗಿದ್ದಳು. ಆದರೆ ಓದಿದ್ದು ರೈಲಿನಲ್ಲಿ ಹನ್ನೊಂದು ತಾಸು ದೂರದ ಇನ್ನೊಂದು ದೇಶದಲ್ಲಿ. ಮದುವೆಯಾಗಿ ಬಂದಾಗ ಅವಳ ಬಟ್ಟೆಬರೆ, ಪಾತ್ರೆಪಗಡೆ, ಹೊಲಿಗೆ ಯಂತ್ರ, ಹೊಸ ಗಂಡ ಎಲ್ಲವೂ ಗಡಿ ದಾಟಿದವು. ಪದವಿಯೊಂದು ಮಾತ್ರ ಆಚೆಯೇ ಉಳಿಯಿತು. ಕಾಗದ ಬಂದಿತ್ತು, ಅದರ ಅರ್ಥ ಬಂದಿರಲಿಲ್ಲ.

ಹಾಗೆ ನೋಡಿದರೆ ಬರಬೇಕಿತ್ತು. ಅವಳು ಬಂದ ವರ್ಷವೇ ಎರಡೂ ಸರಕಾರಗಳು, ನಿಮ್ಮ ಪದವಿ ನಮಗೊಪ್ಪಿಗೆ, ನಮ್ಮ ಪದವಿ ನಿಮಗೊಪ್ಪಿಗೆ ಎಂದು ಒಪ್ಪಂದ ಮಾಡಿಕೊಂಡಿದ್ದವು. ಆ ಸಮಾರಂಭದ ದೊಡ್ಡ ಫೋಟೋ ಕಚೇರಿಯ ಗೋಡೆಯ ಮೇಲೆ ಈಗಲೂ ಇದೆ. ಇಬ್ಬರು ಮಂತ್ರಿಗಳು ಒಬ್ಬರಿಗೊಬ್ಬರು ಕಡತ ಚಾಚಿ ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ಇಬ್ಬರೂ ಕೊಡುತ್ತಿದ್ದಾರೆ, ಇಬ್ಬರಲ್ಲಿ ಒಬ್ಬರೂ ತೆಗೆದುಕೊಳ್ಳುತ್ತಿಲ್ಲ. ಟೋಕನ್ ಹಿಡಿದು ಆ ಫೋಟೋದ ಕೆಳಗಿನ ಬೆಂಚಿನಲ್ಲಿ ಕೂತೂ ಕೂತೂ ಕಿಟಕಿ ಅಕ್ಕನಿಗೆ ಅವರ ಕೋಟಿನ ಗುಂಡಿಗಳ ಲೆಕ್ಕ ಸಹ ಬಾಯಿಪಾಠವಾಗಿತ್ತು.

ಮೊದಲನೆಯ ಅಡ್ಡಿ ತಂದವರು ಅತ್ತೆ, ಅದೂ ಪ್ರೀತಿಯಿಂದಲೇ. ಜೆರಾಕ್ಸ್ ಅಂಗಡಿ ಅತ್ತೆಯದು. ಅವರಿಗೆ ಪ್ರಪಂಚದಲ್ಲಿ ಎರಡೇ ಬಗೆಯ ಕಾಗದ: ಲ್ಯಾಮಿನೇಷನ್ ಆದದ್ದು, ಇನ್ನೂ ಆಗಬೇಕಾದದ್ದು. ಮದುವೆ ನೋಂದಣಿ ಪತ್ರ, ಗ್ಯಾಸ್ ಪುಸ್ತಕದ ರಟ್ಟು, ಮಗ ಎರಡನೇ ತರಗತಿಯಲ್ಲಿ ಬರೆದ ಆನೆಯ ಚಿತ್ರ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಸೊಸೆ ಬಂದ ಮೂರನೆಯ ದಿನ ಅವಳ ಪೆಟ್ಟಿಗೆಯಿಂದ ಪದವಿ ಪತ್ರ ತೆಗೆದು, ಎರಡೂ ಕಡೆ ದಪ್ಪ ಪ್ಲಾಸ್ಟಿಕ್ ಹಾಕಿ, ಬಿಸಿ ಬಿಸಿಯಾಗಿ ಅವಳ ಕೈಗಿಟ್ಟರು.

"ತಗೋ. ಇನ್ನು ನೀರು ಬಿದ್ರೂ ಏನಾಗಲ್ಲ, ಮಗು ಕಚ್ಚಿದ್ರೂ ಏನಾಗಲ್ಲ."

"ಯಾವ ಮಗು ಅತ್ತೆ?"

"ಮುಂದೆ ಆಗಲ್ವಾ? ಈಗ್ಲೇ ಸಿದ್ಧ ಮಾಡಿಟ್ಟೆ."

ಮೂರನೇ ಕೌಂಟರಿನಲ್ಲಿ ಸಾಹೇಬರು ಆ ಪತ್ರವನ್ನು ಬೆಳಕಿಗೆ ಹಿಡಿದರು, ತಟ್ಟಿದರು, ಬಗ್ಗಿಸಿ ನೋಡಿದರು. "ಪ್ಲಾಸ್ಟಿಕ್ ಮೇಲೆ ಠಸ್ಸೆ ನಿಲ್ಲಲ್ಲ. ಹಿಂಬದಿಗೆ ದೃಢೀಕರಣದ ಠಸ್ಸೆ ಬೀಳದಿದ್ರೆ ಇದು ಪದವಿ ಪತ್ರವೇ ಅಲ್ಲ" ಎಂದರು. "ಮತ್ತೇನ್ ಸರ್ ಇದು?" ಎಂದರೆ, ಸ್ವಲ್ಪ ಯೋಚಿಸಿ, "ಬೀಸಣಿಗೆ" ಎಂದರು.

ಅತ್ತೆ ಒಂದು ವಾರ ಊಟ ಸೇರದೆ ಕೂತರು. ಎಂಟನೆಯ ದಿನ ಇಸ್ತ್ರಿ ಪೆಟ್ಟಿಗೆ ತಂದರು. ಮೇಲೆ ತೆಳು ಬಟ್ಟೆ ಹಾಸಿ, ಹದವಾದ ಬಿಸಿಯಲ್ಲಿ ಒತ್ತುತ್ತಾ, ಮೂಲೆಯಿಂದ ಉಗುರು ಕೊಟ್ಟು, ಹಸುಗೂಸಿನ ಅಂಗಿ ಬಿಚ್ಚುವಷ್ಟು ನಾಜೂಕಾಗಿ ಪ್ಲಾಸ್ಟಿಕ್ ಬಿಡಿಸಿದರು. ಕುಲಪತಿಗಳ ಸಹಿಯ ಬಾಲವೊಂದು ಮಾತ್ರ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಹೋಯಿತು. ಅತ್ತೆಯ ಪಶ್ಚಾತ್ತಾಪವೂ ವ್ಯರ್ಥವಾಗಲಿಲ್ಲ. ಪ್ರೀತಿಸುವ ಅತ್ತೆ, ಅಪ್ಪ, ದೊಡ್ಡಮ್ಮಂದಿರು ಎಲ್ಲ ಮನೆಯಲ್ಲೂ ಇರುತ್ತಾರಲ್ಲ. "ಇಲ್ಲಿ ಲ್ಯಾಮಿನೇಷನ್ ಬಿಡಿಸಿಕೊಡಲಾಗುವುದು" ಎಂದು ಬೋರ್ಡು ಹಾಕಿದ ಮೇಲೆ ಹಾಕಿಸುವವರಿಗಿಂತ ಬಿಡಿಸುವವರ ಸಾಲೇ ಉದ್ದವಾಯಿತು.

ಆಮೇಲೆ ಅನುಬಂಧಗಳ ಸರದಿ. ಕಿಟಕಿ ಪಕ್ಕ ನಿಂತರೂ ಅವಳಿಗೆ ಅವು ತಪ್ಪಲಿಲ್ಲ; ಆ ವಿದ್ಯೆಯ ಪದವಿ ಆ ಕಚೇರಿಗೆ ಬಂದದ್ದು ಅದೇ ಮೊದಲು. ಓದಿದ ಪ್ರತಿ ವಿಷಯಕ್ಕೆ ಎಷ್ಟು ತಾಸು ಪಾಠ ನಡೆಯಿತೆಂದು ಪಟ್ಟಿ ಬೇಕು, ತಂದಳು. ಆ ಪಟ್ಟಿ ಅದೇ ವಿಶ್ವವಿದ್ಯಾಲಯದ್ದೆಂದು ಪತ್ರ ಬೇಕು, ತಂದಳು. ಆ ವಿಶ್ವವಿದ್ಯಾಲಯ ಇರುವುದು ನಿಜವೆಂದು ಇನ್ನೊಂದು ಪತ್ರ ಬೇಕು ಎಂದಾಗ, "ಸರ್, ಅಲ್ಲಿ ಆರು ಸಾವಿರ ಜನ ಓದ್ತಾರೆ" ಎಂದಳು. "ಓದಲಿ. ಇರೋದು ಬೇರೆ, ಇದೆ ಅಂತ ಬರೆದುಕೊಡೋದು ಬೇರೆ" ಎಂದರು ಸಾಹೇಬರು. ಅದನ್ನೂ ತಂದಳು. ನಡುವೆ ಮಗಳು ಹುಟ್ಟಿದಳು, ಅಂಬೆಗಾಲಿಟ್ಟಳು, ಮಾತು ಕಲಿತಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ಮೇಲೆ ಗೊಂಬೆಗಳನ್ನು ಸಾಲಾಗಿ ಕೂರಿಸಿ, ಒಂದೊಂದರ ತಲೆಗೂ ಹಳೆಯ ತಾರೀಕಿನ ಠಸ್ಸೆ ಒತ್ತಿ, "ನಾಳೆ ಬನ್ನಿ" ಎನ್ನುವುದು ಅವಳ ಆಟ. ಒಂದು ಗೊಂಬೆಗೂ ಇವತ್ತೇ ಕೆಲಸವಾದದ್ದಿಲ್ಲ.

"ನಿನ್ನ ಮಗಳಿಗೆ ಸರಕಾರಿ ನೌಕರಿ ಗ್ಯಾರಂಟಿ" ಎಂದು ಗಂಡ ನಗುತ್ತಿದ್ದ. ಅವನು ಊರೊಳಗೆ ಬಸ್ಸು ಓಡಿಸುವವನು. ಅವನ ಲೈಸೆನ್ಸು ಮಾತ್ರ ಎರಡೂ ದೇಶದಲ್ಲಿ ನಡೆಯುತ್ತಿತ್ತು. "ಐವತ್ತು ಜನರ ಜೀವ ನನ್ನ ಕೈಗೆ ಕೊಡ್ತಾರೆ, ಯಾರೂ ಅನುಬಂಧ ಕೇಳಲ್ಲ. ನೀನು ಕಿವಿಯೊಳಗೆ ಇಣುಕಿ ನೋಡ್ತೀನಿ ಅಂದ್ರೆ ಎರಡು ಸರಕಾರಕ್ಕೂ ನಿದ್ದೆ ಬರಲ್ಲ ನೋಡು."

ಐದನೆಯ ವರ್ಷದ ಹೊತ್ತಿಗೆ ಕಡತ ಎಷ್ಟು ದಪ್ಪವಾಯಿತೆಂದರೆ ಸಾಹೇಬರಿಗೆ ಕೇಳಲು ಹೊಸ ಅನುಬಂಧ ಉಳಿಯಲಿಲ್ಲ. ಅವರು ಮುಖ ಸಪ್ಪಗೆ ಮಾಡಿಕೊಂಡು, "ಎಲ್ಲಾ ಸರಿಯಾಗಿದೆ" ಎಂದರು. ಕೂಡಲೇ ಜ್ಞಾಪಿಸಿಕೊಂಡು ಹುರುಪಿನಿಂದ, "ಏಳನೇ ಕಲಮು ಬಿಟ್ಟು" ಎಂದು ಸೇರಿಸಿದರು.

ಒಪ್ಪಂದದ ಏಳನೇ ಕಲಮಿನಲ್ಲಿ ಒಂದು ಸಾಲಿತ್ತು. ಒಂದು ವಿಷಯದಲ್ಲಿ ಆ ದೇಶ ನಮ್ಮ ಒಬ್ಬ ಪದವೀಧರನಿಗಾದರೂ ಮಾನ್ಯತೆ ಕೊಟ್ಟ ಮೇಲೆ, ಅದೇ ವಿಷಯದಲ್ಲಿ ನಾವು ಅವರ ಪದವೀಧರರಿಗೆ ಕೊಡತಕ್ಕದ್ದು.

"ಅವರು ಮೊದಲು ಕೊಡಲಿ. ಆಮೇಲೆ ನಾವು ಒಂದು ನಿಮಿಷವೂ ತಡ ಮಾಡಲ್ಲ."

"ಅವರ ಹತ್ತಿರವೂ ಇದೇ ಕಲಮು ಇರುತ್ತಲ್ಲ ಸರ್?"

"ಇರಲೇಬೇಕು. ಪರಸ್ಪರ ಒಪ್ಪಂದ ಅಂದ್ರೆ ಅದೇ."

"ಹಾಗಾದ್ರೆ ಅವರೂ ನೀವು ಮೊದಲು ಕೊಡಲಿ ಅಂತ ಕಾಯ್ತಿರ್ತಾರೆ."

"ಕಾಯಲಿ," ಎಂದರು ಸಾಹೇಬರು ನೆಮ್ಮದಿಯಿಂದ. "ನಮಗೇನು ಅವಸರ?"

ಅವಸರ ಇದ್ದದ್ದು ಇವಳಿಗೆ. ಮಕ್ಕಳ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳ ಕಿವಿ ಪರೀಕ್ಷಿಸುವ ಹೊಸ ಯಂತ್ರವೊಂದು ಎಂಟು ತಿಂಗಳಿಂದ ಹೊದಿಕೆಯನ್ನೂ ತೆಗೆಸಿಕೊಳ್ಳದೆ ಕೂತಿತ್ತು. ನಡೆಸಲು ಬಲ್ಲವರು ಊರಲ್ಲಿ ಇರಲಿಲ್ಲ. ಅಲ್ಲಿನ ದೊಡ್ಡ ಡಾಕ್ಟರಮ್ಮ ಒಮ್ಮೆ ಜೆರಾಕ್ಸಿಗೆ ಬಂದವರು, ಇವಳು ಪ್ರತಿ ತೆಗೆಯುತ್ತಲೇ ವರದಿಯಲ್ಲಿದ್ದ ತಪ್ಪೊಂದನ್ನು ತೋರಿಸಿದ್ದು ಕಂಡು, ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದು ತಾಸು ಮಾತಾಡಿದ್ದರು. ಆ ಹುದ್ದೆಯನ್ನು ಇವಳಿಗಾಗಿಯೇ ಹಿಡಿದಿಟ್ಟಿದ್ದರು. ಆದರೆ ಮೇಲಿನವರು ಗಡುವು ಹಾಕಿದ್ದರು. ಈ ತಿಂಗಳ ಕೊನೆಯ ದಿನದೊಳಗೆ ಮಾನ್ಯತೆ ಪತ್ರ ಬರದಿದ್ದರೆ ಹುದ್ದೆ ರದ್ದು, ಯಂತ್ರ ಬೇರೆ ಊರಿಗೆ.

"ನೋಡಮ್ಮ," ಎಂದಿದ್ದರು ಡಾಕ್ಟರಮ್ಮ, "ಇವತ್ತು ಆರು ಹೆರಿಗೆ ಆಯ್ತು. ಆರರಲ್ಲಿ ಯಾವ ಕೂಸಿಗೆ ತಾಯಿ ಧ್ವನಿ ಕೇಳಿಸ್ತಿಲ್ಲ ಅಂತ ನನಗೆ ಗೊತ್ತಿಲ್ಲ. ಮೂರು ವರ್ಷ ಆದ್ಮೇಲೆ, ಮಾತು ಬರ್ಲಿಲ್ಲ ಅಂತ ಎತ್ತಿಕೊಂಡು ಬರ್ತಾರಲ್ಲ, ಆಗ ಗೊತ್ತಾಗುತ್ತೆ."

ಕಿಟಕಿ ಅಕ್ಕನಿಗೆ ತನ್ನ ಬಾಣಂತನ ನೆನಪಾಯಿತು. ತನ್ನ ಮಗಳು ಹುಟ್ಟಿದಾಗ ಅವಳ ಕಿವಿಯ ಬಳಿ ತಾನೇ ಕಾಗದ ಮಡಚಿ ಸದ್ದು ಮಾಡಿ, ಕಣ್ಣು ಮಿಟುಕಿಸಿದ್ದನ್ನು ನೋಡಿ ಉಸಿರು ಬಿಟ್ಟಿದ್ದಳು. ಬೇರೆ ತಾಯಂದಿರಿಗೆ ಆ ಉಪಾಯವಾದರೂ ಯಾರು ಹೇಳಿಕೊಟ್ಟಾರು?

ಜೆರಾಕ್ಸ್ ಅಂಗಡಿಯವರಿಗೊಂದು ಕೆಟ್ಟ ಚಾಳಿಯಿರುತ್ತದೆ. ಗಾಜಿನ ಮೇಲೆ ಮಗುಚುವ ಪ್ರತಿ ಕಾಗದವನ್ನೂ ಓದಿಬಿಡುತ್ತಾರೆ. ಗಡುವಿಗೆ ಇನ್ನು ಮೂರು ವಾರವಿದ್ದಾಗ ದಪ್ಪ ಕನ್ನಡಕದ ಹೆಂಗಸೊಬ್ಬರು ತಮ್ಮನ ಅಂಕಪಟ್ಟಿಗಳನ್ನು ಪ್ರತಿ ತೆಗೆಸಲು ಬಂದರು. ಮೂರನೆಯ ಹಾಳೆಯನ್ನು ಮಗುಚಿದ ಕೈ ಅಲ್ಲೇ ನಿಂತಿತು. ಅದೇ ವಿದ್ಯೆ, ಕಿವಿ ಮತ್ತು ಮಾತು; ಕಲಿತದ್ದು ಇದೇ ಊರಿನಲ್ಲಿ.

"ನಿಮ್ಮ ತಮ್ಮ ಈಗ ಎಲ್ಲಿದ್ದಾರೆ?"

"ಆ ಕಡೆ, ಹೆಂಡತಿ ಊರಲ್ಲಿ. ಮಾವನ ಪರದೆ ಅಂಗಡೀಲಿ ಬಟ್ಟೆ ಅಳೀತಾನೆ. ಆರು ವರ್ಷ ಆಯ್ತಮ್ಮ, ಮೊದಲು ನಿಮ್ಮವರು ಕೊಡಲಿ ಅಂತಾರಂತೆ ಅಲ್ಲಿ."

ಕಿಟಕಿ ಅಕ್ಕ ಜೆರಾಕ್ಸ್ ಯಂತ್ರದ ಮುಚ್ಚಳ ಹಾಕಿ ಅದರ ಮೇಲೆಯೇ ಎರಡೂ ಕೈ ಊರಿ ನಿಂತಳು. ಐದು ವರ್ಷದಿಂದ ತನ್ನನ್ನು ತಡೆದ ಬೀಗದ ಕೀಲಿಕೈ ಅಲ್ಲೆಲ್ಲೋ ಪರದೆ ಬಟ್ಟೆ ಅಳೆಯುತ್ತಿತ್ತು. ಅವನ ಕೀಲಿಕೈ ಇಲ್ಲಿ ಜೆರಾಕ್ಸ್ ತೆಗೆಯುತ್ತಿತ್ತು.

ಅಂದೇ ಫೋನಿನಲ್ಲಿ ಮಾತಾಯಿತು. ಆ ಪರದೆ ಅಂಗಡಿಯ ತಮ್ಮ, ಇವಳ ಪಾಲಿಗೆ ಪರದೆಯಣ್ಣ, ಮೊದಲು ನಂಬಲಿಲ್ಲ, ಆಮೇಲೆ ನಕ್ಕ.

"ಅಕ್ಕಾ, ಇಬ್ಬರೂ ಮೊದಲು ನೀನು ಮೊದಲು ನೀನು ಅಂತಿದ್ರೆ, ಒಂದೇ ಸಲಕ್ಕೆ ಒತ್ತಿಸಿಬಿಟ್ರೆ?"

"ಅದೇ ನಾನೂ ಯೋಚಿಸ್ತಿದ್ದೆ ಅಣ್ಣ. ಯಾರೂ ಮೊದಲಲ್ಲ, ಯಾರೂ ಆಮೇಲಲ್ಲ."

ಅನುಬಂಧ ಸಾಹೇಬರಿಗೆ ಇದನ್ನು ಹೇಳಲು ಅವಳು ಕಿಟಕಿ ಪಕ್ಕ ಇನ್ನಷ್ಟು ಒತ್ತಿ ನಿಂತಳು. ಅವರು ಏಳನೇ ಕಲಮನ್ನು ಮೂರು ಸಲ ಓದಿದರು. ಒಂದೇ ಸಲಕ್ಕೆ ಒತ್ತಬಾರದೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದಿಲ್ಲವೆಂಬುದೇ ಅವರಿಗೆ ಬಲು ಬೇಸರ ತಂದಿತು.

"ಅವರು ಕೈ ಕೊಟ್ರೆ? ನಾವು ಒತ್ತಿ, ಅವರು ಒತ್ತದೇ ಇದ್ರೆ? ದೇಶದ ಮರ್ಯಾದೆ ಪ್ರಶ್ನೆ ರೀ ಇದು."

"ಫೋನಲ್ಲಿ ಇಬ್ಬರೂ ಇರ್ತೀರಿ ಸರ್. ಒಂದು, ಎರಡು, ಮೂರು ಅನ್ನೋದು, ಒತ್ತೋದು."

ಎರಡು ಕಚೇರಿಗಳ ನಡುವೆ ಫೋನಿನಲ್ಲೇ ಮಾತುಕತೆ ನಡೆಯಿತು. ಬೆಳಿಗ್ಗೆ ಹನ್ನೊಂದಕ್ಕೆ ಎಂದು ಇಬ್ಬರೂ ಒಪ್ಪಿದರು. ಆದರೆ ಎರಡೂ ದೇಶದ ಗಡಿಯಾರಕ್ಕೆ ಅರ್ಧ ತಾಸಿನ ಅಂತರ. ಯಾರ ಹನ್ನೊಂದು? ಆರು ದಿನ ಅದೇ ಚರ್ಚೆ. ಅವರ ಹನ್ನೊಂದಕ್ಕೆ ಒಪ್ಪಿದರೆ ನಾವು ತಗ್ಗಿದ ಹಾಗೆ ಎಂದು ಇವರು, ಇವರ ಹನ್ನೊಂದಕ್ಕೆ ಬಂದರೆ ನಾವು ಬಾಗಿದ ಹಾಗೆ ಎಂದು ಅವರು. ಕೊನೆಗೆ ಇವರ ಹನ್ನೊಂದೂ ಅಲ್ಲದ, ಅವರ ಹನ್ನೊಂದೂ ಅಲ್ಲದ, ನಡುವಿನ ಹದಿನೈದನೇ ನಿಮಿಷದಲ್ಲಿ ಎರಡು ರಾಷ್ಟ್ರಗಳ ಗೌರವ ಉಳಿಯಿತು. ಮುಹೂರ್ತ ನಿಗದಿಯಾದದ್ದು ತಿಂಗಳ ಕೊನೆಯ ದಿನ.

"ಇಷ್ಟೆಲ್ಲ ಆಗಿ ಆ ಸಾಹೇಬ ಪೆನ್ನು ಮರೆತು ಬಂದ್ರೆ?" ಎಂದರು ಅತ್ತೆ. ಮೂರು ಪೆನ್ನು, ಒಂದು ಹೊಸ ಇಂಕ್ ಪ್ಯಾಡು, ಒಂದು ಪ್ಲಾಸ್ಟಿಕ್ ಹಾಳೆ ಚೀಲಕ್ಕೆ ಹಾಕಿಕೊಂಡು, ಅಂಗಡಿಗೆ ಬೀಗ ಜಡಿದು, ಮೊಮ್ಮಗಳ ಕೈ ಹಿಡಿದು ಅವರೂ ಹೊರಟರು. ಐದು ವರ್ಷದಲ್ಲಿ ಕೆಲಸದ ದಿನ ಆ ಅಂಗಡಿಗೆ ಬೀಗ ಬಿದ್ದದ್ದು ಅದೇ ಮೊದಲು.

ಕಚೇರಿಯೊಳಗೆ ಕ್ಯಾಮೆರಾ ನಿಷೇಧ. ಎರಡೂ ಕಡೆ ಅದೇ ನಿಯಮ. ಒಪ್ಪಂದ ಮಾಡಿಕೊಳ್ಳದೆಯೇ ಇಬ್ಬರೂ ಒಪ್ಪಿದ ಒಂದೇ ಸಂಗತಿಯೆಂದರೆ ಅದು. ಆದ್ದರಿಂದ ಫೋನಿನಲ್ಲಿ ಧ್ವನಿ ಮಾತ್ರ. ಸಾಹೇಬರು ಅದನ್ನು ತಮ್ಮ ಬಲಗಡೆ, ಬೀರುವಿಗೆ ಒರಗಿಸಿ ಇಟ್ಟರು. ಅವಳ ಮಾನ್ಯತೆ ಪತ್ರ ಟೈಪಾಗಿ, ಸಹಿಯಾಗಿ, ಮೇಜಿನ ಮೇಲೆ ಠಸ್ಸೆಗಾಗಿ ಕಾಯುತ್ತಿತ್ತು. ಸುತ್ತಲಿನ ಟೋಕನ್ನಿನವರೆಲ್ಲ ಬೆಂಚು ಬಿಟ್ಟು ಎದ್ದು ಬಂದಿದ್ದರು.

"ಅಕ್ಕಾ, ನಾನು ಇಲ್ಲೇ ಇದ್ದೀನಿ," ಎಂದಿತು ಫೋನಿನೊಳಗಿಂದ ಪರದೆಯಣ್ಣನ ಧ್ವನಿ. "ನನಗೆ ಕೌಂಟರಿನ ಮಬ್ಬು ಗಾಜು ಅಡ್ಡ, ಒಳಗೇನೂ ಕಾಣಲ್ಲ. ನೀವೇ ಹೇಳ್ಬೇಕು."

"ಸಿದ್ಧವೇನ್ರೀ?" ಎಂದರು ಸಾಹೇಬರು.

"ನಾವು ಯಾವಾಗಲೂ ಸಿದ್ಧ. ನೀವು?" ಎಂದು ಕೂಗಿತು ಆ ಕಡೆಯ ಅಧಿಕಾರಿಯ ದಪ್ಪ ಗಂಟಲು.

"ನಿಮಗಿಂತ ಮೊದಲಿನಿಂದ."

ಎಣಿಸುವುದು ಯಾರು? ಎರಡೂ ಸರಕಾರಕ್ಕೆ ಸೇರದವರಾಗಿರಬೇಕು. ಎಲ್ಲರೂ ಮುಖ ಮುಖ ನೋಡುತ್ತಿರುವಾಗ ಅತ್ತೆ ಮೊಮ್ಮಗಳನ್ನೆತ್ತಿ ಕೌಂಟರಿನ ಕಟ್ಟೆಯ ಮೇಲೆ ಕೂರಿಸಿದರು. "ಎಣಿಸೇ ಪುಟ್ಟಿ."

"ಒಂದು," ಎಂದಳು ಪುಟ್ಟಿ. "ಎರಡು. ನಾಳೆ ಬನ್ನಿ."

"ಅಯ್ಯೋ, ಅದಲ್ವೇ! ಮೂರು ಅನ್ನು, ಮೂರು!"

"ಮೂಲು!"

ಸಾಹೇಬರ ಠಸ್ಸೆ ಇಂಕ್ ಪ್ಯಾಡಿನ ಮೇಲೆ ಟಪ್ ಎಂದಿತು, ಕಾಗದದ ಮೇಲೆ ಧಪ್ ಎಂದಿತು. ಫೋನಿನಲ್ಲೂ ಧಪ್ ಎಂದು ಕೇಳಿಸಿತು. ಟೋಕನ್ನಿನವರು ಚಪ್ಪಾಳೆ ತಟ್ಟಿದರು. ಸಾಹೇಬರು ಬೆವರು ಒರೆಸಿಕೊಂಡು ಪತ್ರವನ್ನು ಅವಳ ಕಡೆ ಸರಿಸಿದರು. ಅತ್ತೆ ಆಗಲೇ ಪ್ಲಾಸ್ಟಿಕ್ ಹಾಳೆ ಬಿಡಿಸುತ್ತಿದ್ದರು.

ಕಿಟಕಿ ಅಕ್ಕ ಪತ್ರದ ಮೇಲೆ ಕೈಯಿಟ್ಟಳು. ಐದು ವರ್ಷ, ಇಪ್ಪತ್ಮೂರು ಅನುಬಂಧ, ಒಂದು ಸಹಿಯ ಬಾಲ. ಎಲ್ಲವೂ ಆ ನೀಲಿ ವೃತ್ತದೊಳಗೆ ಹಸಿಯಾಗಿ ಹೊಳೆಯುತ್ತಿತ್ತು. ಎತ್ತಿಕೊಂಡು ಹೊರಗೆ ಓಡಿದ್ದರೆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ.

ಆದರೆ ಫೋನಿನಲ್ಲಿ ಧಪ್ ಎಂದಿತ್ತೇ ಹೊರತು, ಅದಕ್ಕೆ ಮೊದಲು ಟಪ್ ಎಂದಿರಲಿಲ್ಲ.

"ಅಕ್ಕಾ, ಆಯ್ತಾ?" ಎಂದ ಪರದೆಯಣ್ಣ. ಆರು ವರ್ಷ ಕಾದವನ ಧ್ವನಿ ಅದು. ಕೇಳಿದ್ದನ್ನು ನಂಬಲು ಸಿದ್ಧವಾಗಿ ನಿಂತ ಧ್ವನಿ.

ಆಯ್ತಣ್ಣ ಎಂದುಬಿಟ್ಟರೆ ಇವಳದ್ದಂತೂ ಆಗಿಯೇ ಆಗಿತ್ತು. ಇಲ್ಲ ಎಂದರೆ ಸಾಹೇಬರು ಕಾಗದ ಕಿತ್ತುಕೊಳ್ಳುವುದು ಖಂಡಿತ. ಗೋಡೆಯ ಮೇಲಿನ ಮಂತ್ರಿಗಳು ಇಬ್ಬರೂ ನಗುತ್ತಲೇ ಇದ್ದರು. ಅವಳು ಇನ್ನೊಂದು ಕೈಯನ್ನೂ ಪತ್ರದ ಮೇಲೆ ಒತ್ತಿಟ್ಟುಕೊಂಡಳು, ಆಮೇಲೆ ಬಾಯಿ ತೆರೆದಳು.

"ಸರ್, ಆ ಕಡೆ ಠಸ್ಸೆ ಬಿದ್ದಿಲ್ಲ."

"ಏನು?" ಸಾಹೇಬರು ಹಾರಿ ಪತ್ರದ ಇನ್ನೊಂದು ತುದಿ ಹಿಡಿದರು. "ಹಾಗಾದ್ರೆ ಇದೂ ಇಲ್ಲ! ಬಿಡ್ರೀ!"

"ನೀವು ಬಿಡಿ ಸರ್!"

"ಹರೀತೀರಿ ರೀ!" ಎಂದು ಅತ್ತೆ ಕಿರುಚಿದರು. "ಅಂಟಿಸೋದು ನನ್ನ ಕೈಲಾಗುತ್ತೆ, ಹರಿದಿದ್ದಕ್ಕೆ ಠಸ್ಸೆ ಒತ್ತೋದು ಯಾರು?"

"ಯಾರದು, ಒತ್ತಿಲ್ಲ ಅನ್ನೋರು?" ಎಂದು ಗುಡುಗಿತು ಫೋನಿನ ದಪ್ಪ ಗಂಟಲು. "ಸದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು ಸರ್," ಎಂದಳು ಅವಳು, ಪತ್ರ ಬಿಡದೆ. "ಒಂದೇ ಸದ್ದು ಕೇಳಿಸ್ತು. ಠಸ್ಸೆ ಮೊದಲು ಇಂಕ್ ಪ್ಯಾಡಿಗೆ ಬೀಳಬೇಕು, ಆಮೇಲೆ ಕಾಗದಕ್ಕೆ. ಎರಡು ಸದ್ದು ಬರಬೇಕು. ನೀವು ಅಂಗೈಯಲ್ಲಿ ಮೇಜಿಗೆ ಹೊಡೆದ್ರಿ. ಆ ಕೈಬೆರಳಲ್ಲಿ ಉಂಗುರ ಇದೆ ನಿಮಗೆ. ಹೊಡೆದ್ಮೇಲೆ ಅದು ಮೇಜಿನ ಗಾಜಿಗೆ ಕಿಣ್ ಅಂತು."

ಫೋನಿನಲ್ಲಿ ಕುರ್ಚಿ ಸರಿದ ಸದ್ದು ಬಂತು. ಆ ಕಡೆಯವರು ಉಂಗುರದ ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದರೋ ಏನೋ.

ಆಮೇಲೆ ತಗ್ಗಿದ ಧ್ವನಿಯೊಂದು ಬಂತು. "ಒತ್ತೋಲ್ಲ ಅಂತಲ್ಲಮ್ಮ. ನಿಮ್ಮದು ಆಗಿದ್ದು ಕಣ್ಣಾರೆ ನೋಡಿ ಒತ್ತೋಣ ಅಂತ. ಅಂಚೆಯಲ್ಲಿ ಪ್ರತಿ ಬಂದ್ಮೇಲೆ."

"ಅಂಚೆ ಬರೋಕೆ ಎಷ್ಟು ದಿನ?" ಎಂದು ಪರದೆಯಣ್ಣ ಕೇಳಿದ್ದು ಕೇಳಿಸಿತು.

"ಅದು... ನೇರ ಅಂಚೆ ಒಪ್ಪಂದ ಇನ್ನೂ ಆಗಿಲ್ಲ."

ಟೋಕನ್ನಿನವರಲ್ಲಿ ಯಾರೋ ಗೊಳ್ಳೆಂದರು. ಅನುಬಂಧ ಸಾಹೇಬರಿಗೆ ಮಾತ್ರ ರೋಷ ಬಂದಿತ್ತು. ತಾವು ಒತ್ತಿದ್ದಕ್ಕೋ, ಆ ಉಪಾಯ ತಮಗೆ ಹೊಳೆಯಲಿಲ್ಲವೆಂಬುದಕ್ಕೋ ಹೇಳುವುದು ಕಷ್ಟ. "ಒತ್ರೀ ಈಗ!" ಎಂದು ಫೋನಿಗೆ ಗದರಿದರು. "ನಮ್ಮ ಹತ್ರ ಕೇಳಿಸಿಕೊಳ್ಳೋರು ಇದ್ದಾರೆ!"

ಅರೆಗಳಿಗೆ ಬಿಟ್ಟು ಫೋನಿನಲ್ಲಿ ಟಪ್ ಎಂದಿತು. ಆಮೇಲೆ ಧಪ್ ಎಂದಿತು. ಕಿಟಕಿ ಅಕ್ಕ ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದಳು.

"ಈಗ ಬಿತ್ತು ಅಣ್ಣ."

ಗಾಜಿನ ಕೆಳಗೆ ಕಾಗದ ಸರಿದ ಸದ್ದು. ಆಮೇಲೆ ಪರದೆಯಣ್ಣ, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಹಾಗೆ, "ಹಸಿ ಇದೆ ಅಕ್ಕಾ. ಬೆರಳಿಗೆಲ್ಲ ಅಂಟ್ತು" ಎಂದ.

ಸಾಹೇಬರು ತಮ್ಮ ತುದಿಯನ್ನು ಬಿಟ್ಟರು. ಅವಳು ಪತ್ರ ಓದಿದಳು. ಪದವಿ ತತ್ಸಮಾನ, ಮಾನ್ಯ, ಎಲ್ಲವೂ ಇತ್ತು. ಕೊನೆಯಲ್ಲಿ ಸಣ್ಣಕ್ಷರದ ಸಾಲೊಂದಿತ್ತು: ಈ ಪ್ರಕರಣವನ್ನು ಮುಂದಿನ ಯಾವುದೇ ಪ್ರಕರಣಕ್ಕೆ ನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ.

"ಅಂದ್ರೆ ಮುಂದಿನವರು ಮತ್ತೆ ಮೊದಲಿಂದ ಶುರು ಮಾಡ್ಬೇಕಾ ಸರ್?"

"ಇಲ್ಲದಿದ್ರೆ ನಾವು ಏನು ಮಾಡೋದು ಹೇಳಿ?" ಎಂದರು ಸಾಹೇಬರು. ಪ್ರಾಮಾಣಿಕವಾಗಿಯೇ ಕೇಳಿದ್ದರು. ಆಮೇಲೆ ಅತ್ತ ಇತ್ತ ನೋಡಿ, ಕಿಟಕಿಯ ಕಡೆ ಬಾಗಿ, ಧ್ವನಿ ಇಳಿಸಿದರು. "ಅಲ್ಲಮ್ಮ, ನನಗೆ ಎರಡು ಸಲವೂ ಒಂದೇ ಥರ ಕೇಳಿಸ್ತು. ಎಲ್ಲೋ ದೂರದಲ್ಲಿ ಏನೋ ಬಿದ್ದ ಹಾಗೆ. ನಿಮಗೆ ಹೇಗೆ ಗೊತ್ತಾಯ್ತು?"

ಅವಳಿಗೆ ಐದು ವರ್ಷದ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಂಗೈ ಬಾಗಿಸಿ ಕಿವಿಯ ಹಿಂದೆ ಹಿಡಿದ ಆ ಮನುಷ್ಯನನ್ನು ನೋಡಿದರೆ, ಪರೀಕ್ಷೆಗೆ ಬಂದ ಎಷ್ಟೋ ಅಜ್ಜಂದಿರು ಹಾಗೆಯೇ ಕೂರುತ್ತಿದ್ದುದು ನೆನಪಾಯಿತು.

"ಫೋನು ನಿಮ್ಮ ಬಲಗಡೆ ಇತ್ತು ಸರ್. ಆ ಕಿವಿ ನಿಮಗೆ ಕೇಳಿಸಲ್ಲ. ಎಷ್ಟು ವರ್ಷ ಆಯ್ತು?"

ಸಾಹೇಬರ ಮುಖದ ಬಣ್ಣ ಹೋಯಿತು. "ಯಾರಿಗೂ ಗೊತ್ತಿಲ್ಲ" ಎಂದರು. ಸಾಲಿನಲ್ಲಿದ್ದ ಹದಿನೆಂಟು ಮಂದಿಯೂ, ಕಿಟಕಿ ಕಡೆ ಒತ್ತೊತ್ತಾಗಿ ನಿಂತವರು, ಮೇಲಿನ ಫ್ಯಾನು ನೋಡಿದರು.

"ಸೋಮವಾರ ಮಕ್ಕಳ ಆಸ್ಪತ್ರೆಗೆ ಬನ್ನಿ. ಪರೀಕ್ಷೆ ಮಾಡ್ತೀನಿ."

"ಮಕ್ಕಳ ಆಸ್ಪತ್ರೆಗೆ ನಾನಾ?" ಎಂದವರು, ಕೂಡಲೇ ಇನ್ನೂ ದೊಡ್ಡ ಸಂಶಯ ಹೊಳೆದು, "ಅದಿರಲಿ, ನೀವು ಮಾಡಿದ ಪರೀಕ್ಷೆ ನಮ್ಮ ದೇಶದಲ್ಲಿ ನಡೆಯುತ್ತಾ?" ಎಂದರು.

ಅವಳು ಪತ್ರವನ್ನು ಅವರ ಕಡೆ ತಿರುಗಿಸಿ ಹಿಡಿದಳು. ಸಾಹೇಬರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ತಮ್ಮ ಸಹಿ ನೋಡಿದರು, ಠಸ್ಸೆ ನೋಡಿದರು.

"ನಡೆಯುತ್ತೆ ಅಂತ ಬರೆದಿದೆ" ಎಂದರು, ಇನ್ನೂ ಪೂರ್ತಿ ನಂಬದೆ.

ಆಸ್ಪತ್ರೆಗೆ ಹೋಗುವ ಮೊದಲು ಅಂಗಡಿಯಲ್ಲಿ ಆ ಪತ್ರದ ಹತ್ತು ಪ್ರತಿ ತೆಗೆದರು. ಒಂದನ್ನು ಕಿಟಕಿ ಅಕ್ಕ ಅಂಗಡಿಯ ಮೇಜಿನ ಗಾಜಿನಡಿ ಸೇರಿಸಿದಳು. ನಿದರ್ಶನವಲ್ಲ ಎಂದು ಅದರಲ್ಲೇ ಬರೆದಿದ್ದರೂ ಸಾಲಿನವರೆಲ್ಲ ಬಂದು ಓದಲಿ ಎಂದು. ಅತ್ತೆ ಪ್ಲಾಸ್ಟಿಕ್ ಹಾಳೆಯನ್ನು ಕೈಯಲ್ಲಿ ಹಿಡಿದು ಆಸೆಯಿಂದ ನಿಂತಿದ್ದರು.

"ಪ್ರತಿಗೆ ಹಾಕಿ ಅತ್ತೆ. ಎಷ್ಟು ಬೇಕಾದ್ರೂ ಹಾಕಿ. ಮೂಲ ಪತ್ರ ನನ್ನ ಹತ್ರ ಇರಲಿ."

ಸೋಮವಾರ ಬೆಳಿಗ್ಗೆ ಯಂತ್ರದ ಹೊದಿಕೆ ಕಳಚಿತು. ಮೊದಲು ಏಳು ಕೂಸುಗಳು. ಆರಕ್ಕೆ ಚೆನ್ನಾಗಿ ಕೇಳಿಸುತ್ತಿತ್ತು. ಏಳನೆಯದನ್ನು ಅವಳು ಇನ್ನೊಮ್ಮೆ, ಮತ್ತೊಮ್ಮೆ ಪರೀಕ್ಷಿಸಿದಳು. ಅದರ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆದರಬೇಡಿ, ಇಷ್ಟು ಬೇಗ ಗೊತ್ತಾಯ್ತಲ್ಲ, ಇನ್ನು ಮಾತು ಕಲಿಸೋದು ನನ್ನ ಜವಾಬ್ದಾರಿ ಎಂದು ನಿಧಾನವಾಗಿ ಹೇಳಿದಳು.

ಎಂಟನೆಯವರು ಅನುಬಂಧ ಸಾಹೇಬರು. ಬಾಗಿಲಲ್ಲಿ ಬೊಂಬೆಯ ಚಿತ್ರದ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ಕೈಯಲ್ಲಿ ಗುರುತಿನ ಚೀಟಿಯ ಮೂರು ಪ್ರತಿ, ಮೂರಕ್ಕೂ ತಾವೇ ಹಾಕಿಕೊಂಡ ಠಸ್ಸೆ. ಅವಳು ಅವನ್ನು ಕೇಳಲಿಲ್ಲ.

"ಒಳಗೆ ಬನ್ನಿ ಸರ್" ಎಂದು ಕರೆದು ಕೂರಿಸಿ, ಅವಳು ಅವರ ಬಲಗಡೆಗೆ ಹೋಗಿ ನಿಂತಳು.

ಅಂದು ಸಂಜೆ ವಿಷಯ ಕೇಳಿದ ಅತ್ತೆ ಪುಟ್ಟಿಯ ತಲೆಗೂದಲು ಬಾಚುತ್ತಾ ಚಿಂತೆಗೆ ಬಿದ್ದರು. "ಯಂತ್ರ ಹಾಕಿದ್ರೆ ಆ ಕಿವೀಲೂ ಕೇಳಿಸುತ್ತೇನೇ?"

"ಕೇಳಿಸುತ್ತೆ ಅತ್ತೆ. ಮುಂದಿನ ವಾರ ಬರುತ್ತೆ ಯಂತ್ರ."

"ಹಾಳಾಯ್ತು," ಎಂದರು ಅತ್ತೆ. "ಇನ್ಮೇಲೆ ಬೀರು ಕಡೆ ನಿಂತವರಿಗೂ ಅನುಬಂಧ ಕೇಳಲ್ಲ. ನಮ್ಮಂಗಡಿಗೆ ಜೆರಾಕ್ಸ್ ತೆಗೆಸೋಕೆ ಯಾರು ಬರ್ತಾರೆ?"